ಸುದ್ದಿಯನ್ನೂ ಬರೆದು ತಾಣವನ್ನೂ ನಡೆಸುವವರು ಎಲ್ಲಿಂದ ಬರುತ್ತಾರೆ?

ಉಡುಪಿ: ಅಂತರ್ಜಾಲ ಸುದ್ದಿತಾಣಗಳ ಉದ್ಯೋಗ ಪ್ರಕಟಣೆಗಳಲ್ಲಿ ‘ಬರಹಗಾರ ಹಾಗೂ ಕಾರ್ಯನಿರ್ವಹಣಾ ವ್ಯವಸ್ಥಾಪಕ’ ಎಂಬ ಜೋಡಿ ಹುದ್ದೆ ಕಾಣಸಿಗುವುದುಂಟು. ಅರ್ಜಿ ಹಾಕುವ ಪದವೀಧರರಿಗೂ ಅವರ ಮನೆಯ ಹಿರಿಯರಿಗೂ ಇದೊಂದು ಒಗಟು. ಬರೆಯುವವನು ಪತ್ರಕರ್ತ, ಸರಿ. ವ್ಯವಸ್ಥಾಪಕನಾಗಿ ಆತ ಮಾಡುವುದೇನು? ಅದಕ್ಕೆ ಬೇಕಾದ ಪೂರ್ವಾನುಭವ ಯಾವುದು?

ಮುದ್ರಣದ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಬನ್ನಂಜೆಯನ್ನೇ ತೆಗೆದುಕೊಳ್ಳಿ. ಆ ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು (1936-2020) ಸಮೀಪದ ಮಣಿಪಾಲದಲ್ಲಿ 1970ರಲ್ಲಿ ಆರಂಭವಾದ ‘ಉದಯವಾಣಿ’ಯಲ್ಲಿ ಪತ್ರಕರ್ತರಾಗಿಯೂ ದುಡಿದರು. ಪಾಂಡಿತ್ಯ ಮತ್ತು ಲೇಖನಿಯೇ ಅವರ ಬಂಡವಾಳ. ಅಕ್ಷರ ಜೋಡಣೆ, ಮುದ್ರಣ, ವಿತರಣೆಗಳನ್ನು ನೋಡಿಕೊಳ್ಳಲು ಪತ್ರಿಕೆಗಳಲ್ಲಿ ಬೇರೆ ಬೇರೆ ವಿಭಾಗಗಳೇ ಇರುತ್ತಿದ್ದವು.

ಸಣ್ಣ ಸುದ್ದಿತಾಣದಲ್ಲಿ ಈ ಗೋಡೆ ಉಳಿದಿಲ್ಲ. ವರದಿ ಬರೆದವನೇ ಶೀರ್ಷಿಕೆ ಕೊಟ್ಟು, ಚಿತ್ರ ಜೋಡಿಸಿ, ಪುಟಕ್ಕೇರಿಸಬೇಕು. ಸರ್ವರ್ ಕೈಕೊಟ್ಟರೆ ಅದನ್ನೂ ವಿಚಾರಿಸಬೇಕು, ಬಿಡಿ ವರದಿಗಾರರ ಸಂಭಾವನೆಯ ಲೆಕ್ಕವನ್ನೂ ಇಡಬೇಕು.

ಇಂತಹ ಹುದ್ದೆಗೆ ಪತ್ರಿಕೋದ್ಯಮದ ಪದವಿಯೊಂದೇ ದಾರಿಯಲ್ಲ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. 1996ರಲ್ಲಿ ಕನ್ನಡದ ಪ್ರಥಮ ಅಂತರ್ಜಾಲ ಪತ್ರಿಕೆಯೆಂದು ಹೆಸರಾದ ‘ವಿಶ್ವಕನ್ನಡ’ವನ್ನು ಆರಂಭಿಸಿದ ಡಾ. ಯು.ಬಿ. ಪವನಜ ಅವರು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಆ ಉದ್ಯೋಗ ತೊರೆದು ಅಂಕಣ ಬರೆದರು, ಕನ್ನಡ ತಂತ್ರಾಂಶಗಳಿಗಾಗಿ ದುಡಿದರು. ಮಣಿಪಾಲದಲ್ಲಿ ಅಧ್ಯಾಪನವನ್ನೂ ಮಾಡಿದ ಕೆ.ಪಿ. ರಾವ್ ಅವರದು ಇನ್ನೂ ಸ್ವಾರಸ್ಯಕರ ಹಾದಿ. ವ್ಯಂಜನಕ್ಕೆ ಸ್ವರ ಸೇರುವ ಕ್ರಮವನ್ನೇ ಕೀಲಿಮಣೆಗೆ ಅಳವಡಿಸಿದ ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಅದು. ‘ನುಡಿ’ಯ ಕೀಲಿಮಣೆಗೂ ಅವರ ವಿನ್ಯಾಸವೇ ಆಧಾರ. ಭಾಷೆ ಮತ್ತು ಯಂತ್ರ ಇವರಿಬ್ಬರಲ್ಲೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಇದು ಬರಿಯ ಇತಿಹಾಸವಲ್ಲ. ಮುದ್ರಣ ನಿಲ್ಲಿಸಿ ಅಂತರ್ಜಾಲಕ್ಕೆ ಬಂದ ಯಾವುದೇ ದಿನಪತ್ರಿಕೆಯ ದೊಡ್ಡ ಆಸ್ತಿ ಅದರ ಹಳೆಯ ಕಡತ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಗಣಕದಲ್ಲಿ ಜೋಡಿಸಿದ ಸುದ್ದಿಗಳು ಆಯಾ ಕಂಪನಿಯ ಫಾಂಟ್ ಇಲ್ಲದಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ‘ಸೂರ್ಯ’ದಂತಹ ಪದವೂ ಎಡವಬಹುದು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತಿನ ಚಿಹ್ನೆ ‘ಯ’ದ ಅನಂತರ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ ಹುಡುಕಿದಾಗ ಸುದ್ದಿ ಸಿಗುವುದಿಲ್ಲ. ಸಿಗದ ಸುದ್ದಿ ಓದುಗನ ಪಾಲಿಗೆ ಇಲ್ಲದ ಸುದ್ದಿಯೇ. ವ್ಯಾಕರಣ ತಿಳಿಯದ ತಂತ್ರಜ್ಞನಿಗೆ ಈ ದೋಷ ಕಣ್ಣಿಗೆ ಬೀಳದು. ಕಡತದ ಒಳಗುಟ್ಟು ಅರಿಯದ ಪತ್ರಕರ್ತನಿಗೆ ಅದನ್ನು ತಿದ್ದಲಾಗದು.

ಹೀಗಿದ್ದರೂ ಅರ್ಜಿಗಳಲ್ಲಿ ಪ್ರಕಟಿತ ಲೇಖನಗಳಿಗೆ ಸಿಗುವ ಮನ್ನಣೆ ಕಡತ ಕಾಪಾಡಿದ ಅನುಭವಕ್ಕೆ ಸಿಗುವುದು ಅಪರೂಪ. ಅಭ್ಯರ್ಥಿಗಳೂ ಅದನ್ನು ಗುಮಾಸ್ತಿಕೆಯೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಈ ಹುದ್ದೆಯ ಸಂದರ್ಶನಕ್ಕೆ ಹೋಗುವವರು ತಮ್ಮ ಉತ್ತಮ ವರದಿಯ ಜತೆಗೆ, ತಾವೇ ಯೂನಿಕೋಡ್‌ಗೆ ತಂದು ಅಕ್ಷರಕ್ಷರ ತಿದ್ದಿದ ಹಳೆಯ ಪುಟವೊಂದನ್ನೂ ಒಯ್ಯುವುದು ಒಳಿತು.