ಎಲ್ಲಿ ನಿಂತು ನೋಡಬೇಕು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಆಡುತ್ತ ಬಂದಿದ್ದಾರೆ. ಸಮೀಪಿಸಿದಾಗ ಕಲ್ಲುಮುಳ್ಳುಗಳು ಕಾಣುವವೆಂಬುದು ಅದರ ತಾತ್ಪರ್ಯ. ಆದರೆ ತುಮಕೂರು ಜಿಲ್ಲೆಯ ಮಧುಗಿರಿ ಬೆಟ್ಟಕ್ಕೆ ಈ ಗಾದೆ ಪೂರ್ತಿಯಾಗಿ ಒಪ್ಪುವುದಿಲ್ಲ. ಹತ್ತಿರಕ್ಕೆ ಹೋದರೂ ಅದು ನುಣ್ಣಗೇ ಇರುತ್ತದೆ. ಆ ನುಣುಪೇ ಅದರ ಸೊಬಗು. ಆ ನುಣುಪೇ ಅದರ ಅಪಾಯ.

ಕಳೆದ ಮಾಘಮಾಸದಲ್ಲಿ ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗನೊಡನೆ ಆ ಬೆಟ್ಟವನ್ನು ಹತ್ತಿದ್ದೆ. ನನ್ನ ವಯಸ್ಸಿಗೆ ತಕ್ಕಂತೆ ಕೆಳಗಿನ ಬಾಗಿಲುಗಳನ್ನು ದಾಟಿ ಒಂದೆಡೆ ಕುಳಿತೆ. ಹುಡುಗ ಮೊಬೈಲನ್ನು ಹಿಡಿದು, “ತಾತ, ನೀವು ಅಲ್ಲೇ ಇರಿ. ನಾನು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದರೆ ಕೋಟೆ ಪೂರ್ತಿ ಬರ್ತದೆ” ಎಂದ. ಒಂದು ಹೆಜ್ಜೆ ಮೂರಾಯಿತು. ಮೂರನೆಯದರಲ್ಲಿ ಕಾಲು ಜಾರಿತು. ಪುಣ್ಯವಶಾತ್ ಅವನು ಅಲ್ಲಿಯೇ ಕುಸಿದು ಕುಳಿತು ಬಂಡೆಯ ಬಿರುಕೊಂದರಲ್ಲಿ ಬೆರಳೂರಿದ. ಮೊಬೈಲು ಮಾತ್ರ ಸದ್ದು ಮಾಡುತ್ತ ಜಾರಿ ಕಣ್ಮರೆಯಾಯಿತು. “ಹೋಗಲಿ ಬಿಡಪ್ಪ, ನೀನು ಉಳಿದೆಯಲ್ಲ” ಎಂದೆನಾದರೂ ನನ್ನ ಕೈಗಳ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ನಾನು ಮಠದಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ವಿದ್ಯಾರ್ಥಿಗಳನ್ನು ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. ಮೇಲೆ ತಲುಪಿದ ಕೂಡಲೇ ಅತ್ತಿತ್ತ ಓಡಲು ಬಿಡುತ್ತಿರಲಿಲ್ಲ. ಮೊದಲು ಕೂಡಿರಿ, ಉಸಿರು ತಣಿಯಲಿ, ಆಮೇಲೆ ನೋಡಿರಿ ಎನ್ನುತ್ತಿದ್ದರು. ನೋಟಕ್ಕಿಂತ ಮೊದಲು ನಿಲ್ಲುವ ತಾವನ್ನು ಆರಿಸಿಕೊಳ್ಳಬೇಕೆಂಬುದು ಅವರ ಮಾತಿನ ಒಳಗುಟ್ಟು. ಇಂದು ಪ್ರತಿಯೊಂದು ಮನೆಯಲ್ಲಿಯೂ ಛಾಯಾಚಿತ್ರ ತೆಗೆಯುವ ಸಾಧನವಿದೆ. ಆದ್ದರಿಂದ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳಲ್ಲಿ ಕುಟುಂಬಸಮೇತರಾಗಿ ನಿಂತು ನೋಡಲು ಯೋಗ್ಯವಾದ ಕೆಲವು ಸ್ಥಳಗಳನ್ನು ಇಲ್ಲಿ ನಿವೇದಿಸುತ್ತೇನೆ.

ನಿಡುಗಲ್ಲು, ಮಿಡಿಗೇಶಿ, ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗ ಎಂದು ಉತ್ತರದಿಂದ ದಕ್ಷಿಣಕ್ಕೆ ಗಿರಿಗಳ ಸಾಲೊಂದು ಈ ಜಿಲ್ಲೆಯ ಪೂರ್ವಭಾಗದಲ್ಲಿ ಹಾದುಹೋಗಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಘನೀಭವಿಸಿದ ಬೆಣಚುಕಲ್ಲಿನ ಪಟ್ಟಿಯೊಂದು ರಾಮನಗರದ ಕಡೆಯಿಂದ ಬಳ್ಳಾರಿಯ ಕಡೆಗೆ ಸಾಗುತ್ತದೆ. ಇಲ್ಲಿನ ಬೋಳು ಬಂಡೆಗಳ ಗಾಂಭೀರ್ಯಕ್ಕೆ ಆ ಶಿಲೆಯೇ ಮೂಲ.

ತುಮಕೂರಿನಿಂದ ಉತ್ತರಕ್ಕೆ ಹೊರಟವರಿಗೆ ಮೊದಲು ಸಿಗುವುದು ಕೊರಟಗೆರೆ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವ ಸಾವಿರಾರು ಭಕ್ತರಲ್ಲಿ ಹಲವರು ಪ್ರಸಾದ ಸ್ವೀಕರಿಸಿ ಹಾಗೆಯೇ ಮರಳುತ್ತಾರೆ. ಸಮೀಪದಲ್ಲಿಯೇ ಜಯಮಂಗಲಿ ನದಿಗೆ ಕಟ್ಟಿದ ತೀತಾ ಜಲಾಶಯವಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವ ನದಿ ಇದು. ಮಳೆಗಾಲ ಮುಗಿದ ಮೇಲೆ, ಬೆಳಗಿನ ಎಳೆಬಿಸಿಲಿನಲ್ಲಿ, ನೀರಿನಲ್ಲಿ ಬೆಟ್ಟಗಳ ನೆರಳು ಮೂಡಿರುವಾಗ ಇಲ್ಲಿಗೆ ಬರಬೇಕು. ದಡದಿಂದ ನೋಡಿದರೆ ಸಾಕು, ನೀರಿಗೆ ಇಳಿಯುವುದು ಬೇಡ. ಇದೇ ತಾಲ್ಲೂಕಿನ ಸಿದ್ಧರಬೆಟ್ಟವು ಗವಿಯೊಳಗಿನ ಸಿದ್ಧೇಶ್ವರನ ಸನ್ನಿಧಿಗೂ ತಣ್ಣೀರಿನ ಒರತೆಗೂ ಔಷಧೀಯ ಸಸ್ಯಗಳಿಗೂ ಹೆಸರಾದುದು. ಮೆಟ್ಟಿಲ ಹಾದಿಯ ತಿರುವುಗಳಲ್ಲಿ ಬಯಲಿನ ನೋಟ ಚೆನ್ನಾಗಿ ದೊರೆಯುತ್ತದೆ. ಗವಿಯ ಕತ್ತಲಲ್ಲಿ ಧ್ಯಾನಕ್ಕೆ ಕುಳಿತವರ ಮುಖಕ್ಕೆ ಮಾತ್ರ ಬೆಳಕು ಚೆಲ್ಲಬಾರದು.

ಮುಂದೆ ಮಧುಗಿರಿ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಈ ಏಕಶಿಲೆಯ ಮೇಲೆ ಸ್ಥಳೀಯ ಪಾಳೆಯಗಾರರು ಕಟ್ಟಿದ ಕೋಟೆಯನ್ನು ಮುಂದೆ ಹೈದರಾಲಿ ಬಲಪಡಿಸಿದನು. ಶಿಖರದಲ್ಲಿ ಗೋಪಾಲಕೃಷ್ಣನ ಶಿಥಿಲ ದೇಗುಲವಿದೆ. ಮೇಲಿನ ಭಾಗದಲ್ಲಿ ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳು, ಅಲ್ಲಲ್ಲಿ ಕಬ್ಬಿಣದ ಕಂಬಿಗಳು, ಇಷ್ಟೇ ಆಧಾರ. ಮಕ್ಕಳು ಮತ್ತು ವೃದ್ಧರಿರುವ ಕುಟುಂಬಗಳು ಕೆಳಗಿನ ಕೋಟೆಬಾಗಿಲುಗಳವರೆಗೆ ಹೋಗಿ ಮರಳುವುದು ಲೇಸು. ಊರೂ ಸುತ್ತಲಿನ ಬಯಲೂ ಅಲ್ಲಿಂದಲೇ ಕಾಣುತ್ತವೆ. ಮಳೆ ಬಿದ್ದ ದಿನ ಶಕ್ತರೂ ಏರಬಾರದು. ಬೇಸಿಗೆಯಲ್ಲಿ ಬಂಡೆ ಕಾಯುವುದಕ್ಕೆ ಮುಂಚೆ ಇಳಿಯಬೇಕು. ಮೊಬೈಲು ಕೈಯಲ್ಲಿರುವಾಗ ಕಾಲು ಕದಲಬಾರದು. ಕಾಲು ನಡೆಯುವಾಗ ಮೊಬೈಲು ಜೇಬಿನಲ್ಲಿರಬೇಕು.

ಬಂಡೆಯನ್ನು ಕಂಡ ಕಣ್ಣಿಗೆ ಬಯಲೂ ಬೇಕು. ಇದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸುರುಳಿಗೊಂಬಿನ ಕಪ್ಪು ಗಂಡುಮೃಗಗಳನ್ನೂ ಕಂದುಬಣ್ಣದ ಹೆಣ್ಣುಮೃಗಗಳನ್ನೂ ಸೂರ್ಯೋದಯದ ಹೊತ್ತಿನಲ್ಲಿ ನೋಡಬೇಕು. ಚಿತ್ರಕ್ಕಾಗಿ ಅಟ್ಟಿಸಿಕೊಂಡು ಹೋದರೆ ಅವು ಓಡುತ್ತವೆ. ಕುಳಿತು ಕಾದರೆ ಅವೇ ಮೇಯುತ್ತ ಸಮೀಪಿಸುತ್ತವೆ. ಗುರುಗಳ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಮಿಡಿಗೇಶಿಯ ದುರ್ಗವನ್ನು ದಾಟಿ ಉತ್ತರಕ್ಕೆ ಸಾಗಿದರೆ ಪಾವಗಡ. ಶನಿಮಹಾತ್ಮನ ದರ್ಶನಕ್ಕೆ ಬಂದವರು ಊರಿನ ಮೇಲಿರುವ ಗಿರಿದುರ್ಗವನ್ನು ತಲೆಯೆತ್ತಿ ನೋಡುತ್ತಾರೆ. ಈ ತಾಲ್ಲೂಕಿನ ಹೊಸ ನೋಟವಿರುವುದು ತಿರುಮಣಿಯ ಕಡೆಗೆ. ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರಶಕ್ತಿ ಉದ್ಯಾನವು 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ದೂರದಿಂದ ಅದು ತುಂಬಿದ ಕೆರೆಯಂತೆ ಹೊಳೆಯುತ್ತದೆ. ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಈ ನೀರಿಲ್ಲದ ಕೆರೆಯನ್ನು ಕಂಡಾಗ ಮನಸ್ಸು ಒಂದು ಕ್ಷಣ ಮೂಕವಾಗುತ್ತದೆ. ಮಳೆ ಕೈಕೊಟ್ಟ ಹೊಲಗಳನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತಾಗಿತ್ತು. ಬೇಲಿಯ ಹೊರಗೆ ರಸ್ತೆಯಲ್ಲಿಯೇ ನಿಂತು ನೋಡಿ, ಆ ಹೊಳಪಿನ ಕೆಳಗೆ ಯಾರದೋ ಹೊಲವಿದೆಯೆಂದು ಮಕ್ಕಳಿಗೆ ತಿಳಿಸಿ.

ಪಶ್ಚಿಮದ ಶಿರಾ ತಾಲ್ಲೂಕಿನಲ್ಲಿ ಬೆಟ್ಟಕ್ಕಿಂತ ಕಟ್ಟಡ ಮುಖ್ಯ. ಪಟ್ಟಣದಲ್ಲಿ 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಕಂದಕವುಳ್ಳ ಕೋಟೆ ಇವೆ. ಕಲ್ಲುಕೆಲಸದ ಅಚ್ಚುಕಟ್ಟು ಸಂಜೆಯ ಓರೆಬಿಸಿಲಿನಲ್ಲಿ ಎದ್ದುಕಾಣುತ್ತದೆ. ಅನ್ಯರ ಪ್ರಾರ್ಥನಾಸ್ಥಳದಲ್ಲಿ ಅನುಮತಿ ಕೇಳಿಯೇ ಚಿತ್ರ ತೆಗೆಯುವುದು ಸಜ್ಜನಿಕೆ. ಶಿರಾಕ್ಕೆ ಸಮೀಪದ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಮನೆಗೆ ಬಂದ ನೆಂಟರಂತೆ ಕಾಪಾಡಿಕೊಂಡು ಬಂದಿದ್ದಾರೆ. ಮರದಡಿಯಲ್ಲಿ ಚಪ್ಪಾಳೆ ತಟ್ಟಿ ಹಕ್ಕಿಗಳನ್ನೆಬ್ಬಿಸಿದರೆ ಚಿತ್ರವೇನೋ ಸಿಕ್ಕೀತು; ತಾಯಿಯೆದ್ದ ಗೂಡಿನಲ್ಲಿ ಮರಿಗಳು ಬಿಸಿಲಿಗೆ ಬೇಯುತ್ತವೆ. ದೂರದಲ್ಲಿ, ಸದ್ದಿಲ್ಲದೆ ನಿಲ್ಲುವುದೇ ಅಲ್ಲಿನ ಸರಿಯಾದ ತಾವು.

ಇನ್ನು ನಮ್ಮ ಹುಡುಗನ ವಿಷಯ. ಅಂದು ಮೆಲ್ಲಮೆಲ್ಲನೆ ಕೆಳಗಿಳಿದು ಊರಿನ ಹೊರಗೆ ಹೊಲದ ಬದುವೊಂದರ ಮೇಲೆ ಕುಳಿತೆವು. ಅವನು ಹಿಂದಿರುಗಿ ನೋಡಿ, “ತಾತ, ಇಲ್ಲಿಂದ ಕೋಟೆ ಪೂರ್ತಿ ಕಾಣ್ತದೆ!” ಎಂದ. ನನ್ನ ಹಳೆಯ ಮೊಬೈಲಿನಲ್ಲಿಯೇ ಚಿತ್ರ ತೆಗೆದ. ಅದು ಈಗ ನಮ್ಮ ತಂಗಿಯ ಮನೆಯ ಪಡಸಾಲೆಯಲ್ಲಿ ತೂಗುತ್ತಿದೆ. ಮೂರು ಹೆಜ್ಜೆ ಹಿಂದೆ ಸರಿದರೂ ಮೇಲೆ ದೊರೆಯದಿದ್ದ ನೋಟ ನೆಲದ ಮೇಲೆ ಕುಳಿತಾಗ ಇಡಿಯಾಗಿ ದೊರೆಯಿತು. ಬಂಧುಗಳೇ, ಈ ವರ್ಷ ಮಕ್ಕಳೊಡನೆ ಆ ಕಡೆಗೆ ಹೊರಟಾಗ ಬುತ್ತಿಯ ಜೊತೆಗೆ ಈ ಒಂದು ಮಾತನ್ನೂ ಕಟ್ಟಿಕೊಳ್ಳಿ: ಮೊದಲು ಕೂಡಿರಿ, ಆಮೇಲೆ ನೋಡಿರಿ.