ಬೆಂಗಾವಲಿನ ಅಣುಗಳು

ಜೀವಕೋಶದಲ್ಲಿ ಆಗತಾನೆ ಹುಟ್ಟಿದ ಪ್ರೋಟೀನುಗಳನ್ನು ಕಾಯುವ ಕೆಲವು ಅಣುಗಳಿಗೆ ವಿಜ್ಞಾನಿಗಳು ‘ಚಾಪರೋನ್’ ಎಂದು ಹೆಸರಿಟ್ಟಿದ್ದಾರೆ. ಹಿಂದೆ ಇಂಗ್ಲೆಂಡಿನ ಸಿರಿವಂತರಲ್ಲಿ, ಮದುವೆಯಾಗದ ತರುಣಿ ಔತಣಕ್ಕೋ ನೃತ್ಯಕೂಟಕ್ಕೋ ಹೊರಟಾಗ ಜೊತೆಗೆ ಹೋಗುತ್ತಿದ್ದ ಹಿರಿಯ ಹೆಂಗಸಿಗೆ ಆ ಹೆಸರು. ಹುಡುಗಿಗೆ ಸಲ್ಲದ ಸಹವಾಸ ಒದಗದಂತೆ ನೋಡಿಕೊಳ್ಳುವುದು ಆಕೆಯ ಹೊಣೆ. ೧೯೭೮ರಲ್ಲಿ ರಾನ್ ಲಾಸ್ಕಿ ಎಂಬ ವಿಜ್ಞಾನಿ ಬಳಸಿದ ಈ ಮಾತಿಗೆ ೧೯೮೭ರಲ್ಲಿ ಜಾನ್ ಎಲಿಸ್ ಇಂದಿನ ವಿಶಾಲವಾದ ಅರ್ಥವನ್ನು ಕೊಟ್ಟರು. ಇದನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ಪದ ತಪ್ಪಿದರೆ ತಿಳಿವಳಿಕೆಯೇ ತಪ್ಪುವ ಸಂದರ್ಭವಾದ್ದರಿಂದ ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ.

‘ಗುರು’ ಎನ್ನಬಹುದೆ? ಪ್ರೋಟೀನೆಂಬುದು ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ. ತನಗೆ ತಕ್ಕ ಆಕಾರಕ್ಕೆ ಮಡಿಚಿಕೊಂಡಾಗಲೇ ಬಹುಪಾಲು ಪ್ರೋಟೀನುಗಳು ಕಾರ್ಯಸಮರ್ಥವಾಗುತ್ತವೆ. ಆ ಆಕಾರವನ್ನು ಕಲಿಸುವವರಾರು? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಅವರು ೧೨೪ ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ಮಡಿಕೆಗಳನ್ನು ರಾಸಾಯನಿಕಗಳಿಂದ ಬಿಡಿಸಿದರು. ಆ ರಾಸಾಯನಿಕಗಳನ್ನು ತೆಗೆದಾಗ ಅದು ತಾನಾಗಿಯೇ ಮೊದಲಿನ ರೂಪಕ್ಕೆ ಮರಳಿತು. ಆಕಾರದ ಗುಟ್ಟು ಸರದ ಅನುಕ್ರಮದಲ್ಲಿಯೇ ಇದೆಯೆಂದು ತೋರಿಸಿದ ಈ ಸಾಧನೆಗೆ ೧೯೭೨ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಲಿಸಬೇಕಾದುದೇ ಇಲ್ಲದ ಮೇಲೆ ಗುರುವೆಂಬ ಮಾತು ಸಲ್ಲದು.

ಹಾಗಾದರೆ ನೆರವೇಕೆ? ಆನ್‌ಫಿನ್ಸೆನ್ನರ ಗಾಜಿನ ನಳಿಗೆಯಲ್ಲಿ ಬೇಕಾದಷ್ಟು ಎಡೆಯಿತ್ತು. ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯದೊಳಗೆ ಪ್ರೋಟೀನು ಮೊದಲಾದ ದೊಡ್ಡ ಅಣುಗಳು ಮಿಲಿಲೀಟರಿಗೆ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಕಿಕ್ಕಿರಿದಿರುತ್ತವೆ. ಆ ಸಂದಣಿಗೆ ರೈಬೋಸೋಮು ಹೊಸ ಸರವನ್ನು ಸೆಕೆಂಡಿಗೆ ೧೫–೨೦ ಮಣಿಗಳಂತೆ ಪೋಣಿಸುತ್ತ ಬಿಡುತ್ತದೆ. ಮಡಿಕೆಯ ಒಳಗೆ ಅಡಗಬೇಕಾದ, ನೀರನ್ನೊಲ್ಲದ ಭಾಗಗಳು ಆಗ ಇನ್ನೂ ಬಯಲಿನಲ್ಲಿರುತ್ತವೆ. ಅವು ನೆರೆಯ ಸರದ ಅಂಥವೇ ಭಾಗಗಳಿಗೆ ಅಂಟಿದರೆ ಎರಡೂ ಕೆಟ್ಟು ಗಂಟಾಗುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುವುದು ಇಂಥ ಅಂಟುವಿಕೆಯಿಂದಲೇ.

ಈ ಅಪಾಯಕ್ಕೆ ಬ್ಯಾಕ್ಟೀರಿಯದಲ್ಲಿ ಮೂರು ಕಾವಲುಗಳಿವೆ. ರೈಬೋಸೋಮಿನ ಬಾಗಿಲಲ್ಲಿಯೇ ಕುಳಿತ ‘ಟ್ರಿಗರ್ ಫ್ಯಾಕ್ಟರ್’ ಹೊರಬರುವ ಸರಕ್ಕೆ ಮರೆಯಾಗುತ್ತದೆ. ಹೆಚ್ಚಿನ ಸರಗಳಿಗೆ ಇಷ್ಟೇ ಸಾಕು. ‘ಡಿಎನ್‌ಎಕೆ’ ಎಂಬುದು ನೀರೊಲ್ಲದ ತುಣುಕುಗಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಇವೆರಡರಲ್ಲಿ ಒಂದಿಲ್ಲದಿದ್ದರೂ ಬ್ಯಾಕ್ಟೀರಿಯ ಹೇಗೋ ಬದುಕೀತು. ಎರಡೂ ಇಲ್ಲದಿದ್ದರೆ ೩೭ ಡಿಗ್ರಿ ಉಷ್ಣತೆಯಲ್ಲಿ ಅದು ಉಳಿಯದೆಂದು ೧೯೯೯ರಲ್ಲಿ ತಿಳಿದುಬಂತು.

ಮೂರನೆಯದಾದ ‘ಗ್ರೋಇಎಲ್’ ಇಲ್ಲದೆ ಬ್ಯಾಕ್ಟೀರಿಯಕ್ಕೆ ಯಾವ ಉಷ್ಣತೆಯಲ್ಲಿಯೂ ಬಾಳಿಲ್ಲ. ಕೆಲವು ತಳಿಯ ಬ್ಯಾಕ್ಟೀರಿಯಗಳಲ್ಲಿ ಲ್ಯಾಂಬ್ಡ ಎಂಬ ವೈರಸ್ಸು ತನ್ನ ತಲೆಯನ್ನು ಕಟ್ಟಿಕೊಳ್ಳಲಾರದೆ ಸೋಲುತ್ತಿತ್ತು. ೧೯೭೦ರ ದಶಕದ ಆದಿಯಲ್ಲಿ ಜಾರ್ಜೊಪೊಲೊಸ್ ಮೊದಲಾದವರು ಆ ಸೋಲಿನ ಜಾಡು ಹಿಡಿದು ಇದರ ಜೀನನ್ನು ಗುರುತಿಸಿದರು. ಏಳೇಳು ಘಟಕಗಳ ಎರಡು ಉಂಗುರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ರಚನೆ ಇದು. ಬಾಯಿಗೆ ‘ಗ್ರೋಇಎಸ್’ ಎಂಬ ಮುಚ್ಚಳ. ಮುಚ್ಚಳ ಸಹಿತವಾದ ಇದರ ರೂಪವನ್ನು ಯೇಲ್ ವಿಶ್ವವಿದ್ಯಾಲಯದ ಹಾರ್ವಿಚ್, ಸಿಗ್ಲರ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದರು. ಮಡಿಚಿಕೊಳ್ಳದ ಸರ ಉಂಗುರದ ಜಿಗುಟಾದ ಅಂಚಿಗೆ ಅಂಟುತ್ತದೆ. ಎ.ಟಿ.ಪಿ. ಎಂಬ ಇಂಧನ ಸೇರಿದೊಡನೆ ಮುಚ್ಚಳ ಬೀಳುತ್ತದೆ, ಕೋಣೆ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ, ಒಳಗೋಡೆ ನೀರನ್ನು ಮೆಚ್ಚುವಂತಾಗಿ ಸರವನ್ನು ಬಿಟ್ಟುಬಿಡುತ್ತದೆ. ಏಳು ಎ.ಟಿ.ಪಿ. ಅಣುಗಳು ಒಡೆಯುವವರೆಗೆ, ಅಂದರೆ ಹತ್ತು ಸೆಕೆಂಡುಗಳಷ್ಟು ಕಾಲ, ಸರಕ್ಕೆ ಏಕಾಂತ. ಅನಂತರ ಮುಚ್ಚಳ ತೆರೆದು, ಮಡಿಕೆ ಮುಗಿದಿರಲಿ ಬಿಡಲಿ, ಅದು ಹೊರಬೀಳುತ್ತದೆ. ಮುಗಿಯದಿದ್ದರೆ ಮತ್ತೆ ಅದೇ ಬಾಗಿಲು.

ಈ ಕೋಣೆಯ ಚಿತ್ರವನ್ನು ಕಂಡ ವಿದ್ಯಾರ್ಥಿಗಳು ಇದನ್ನು ‘ಅಚ್ಚು’ ಎಂದುಕೊಳ್ಳುವುದು ಸಹಜ. ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ನೆನೆದರೆ ಸಂಶಯ ಹರಿಯುತ್ತದೆ. ಗಿಳಿಯ ಅಚ್ಚಿನಿಂದ ಗಿಳಿಯೇ ಬರಬೇಕು. ಗ್ರೋಇಎಲ್‌ನ ಒಂದೇ ಕೋಣೆಗೆ ಸುಮಾರು ೨೫೦ ಬಗೆಯ ಪ್ರೋಟೀನುಗಳು ಬಂದುಹೋಗುತ್ತವೆ. ಒಂದೊಂದೂ ತನ್ನದೇ ರೂಪವನ್ನು ತಳೆಯುತ್ತದೆ. ಕೋಣೆ ಬರಿಯ ಏಕಾಂತವನ್ನೀಯುವುದೋ, ಮಡಿಕೆಯನ್ನು ತ್ವರೆಗೊಳಿಸುವುದೋ ಎಂದು ವಿದ್ವಾಂಸರಲ್ಲಿ ವಾದವುಂಟು. ರೂಪವನ್ನು ಅದು ನಿರ್ಧರಿಸುವುದಿಲ್ಲ ಎಂಬಲ್ಲಿ ವಾದವಿಲ್ಲ.

‘ಸೂಲಗಿತ್ತಿ’ ಎಂಬುದನ್ನೂ ಯೋಚಿಸಿದೆ. ಆದರೆ ಆಕೆ ಕರೆ ಬಂದ ಮನೆಗೆ ಹೋಗಿ, ಹೆರಿಗೆಯಾದ ಮೇಲೆ ಹಿಂತಿರುಗುವವಳು. ಡಿಎನ್‌ಎಕೆ, ಗ್ರೋಇಎಲ್‌ಗಳಾದರೋ ಬೆಳೆದ ಪ್ರೋಟೀನು ಶಾಖಕ್ಕೆ ಕೆಟ್ಟಾಗಲೂ ನೆರವಿಗೆ ನಿಲ್ಲುತ್ತವೆ. ಕೊನೆಗೆ ನನ್ನ ಮನಸ್ಸಿಗೆ ಒಪ್ಪಿದ ಪದ ‘ಬೆಂಗಾವಲು’. ಪಯಣ ಪಯಣಿಗನದೇ, ಊರೂ ಅವನು ಬಲ್ಲದ್ದೇ. ಕಳ್ಳರ ಹಾದಿಯನ್ನು ದಾಟಿಸುವುದಷ್ಟೇ ಬೆಂಗಾವಲಿನ ಕೆಲಸ. ಇದಕ್ಕಿಂತ ಹಗುರವಾದ ಮಾತು ಅಧ್ಯಾಪಕ ಮಿತ್ರರಿಗೆ ಹೊಳೆದರೆ ಸಂತೋಷದಿಂದ ಒಪ್ಪುವೆನು. ‘ಅಚ್ಚು’ ಮತ್ತು ‘ಗುರು’ ಎರಡನ್ನು ಮಾತ್ರ ಪಾಠದಿಂದ ದೂರವಿಡೋಣ.