ಮೈಲುತುತ್ತಿನ ಲೆಕ್ಕ: ಲ್ಯಾಬ್ ವಿದೇಶದ್ದು, ಪ್ರಶ್ನೆ ಪೆರಾಬೆಯದ್ದು

ನಮ್ಮ ಸೀನಿಯರ್‌ಗಳ ಬಾಯಲ್ಲಿ ಈಗ ಒಂದೇ ಮಾತು: ಬೇಸಿಗೆ ಇಂಟರ್ನ್‌ಶಿಪ್‌ಗೆ ಯಾವ ದೇಶ? ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್‌ನಂಥ ಯೋಜನೆಯಲ್ಲಿ ಡಿಗ್ರಿ ಓದುವಾಗಲೇ 12 ವಾರ ಅಲ್ಲಿನ ಪ್ರೊಫೆಸರ್ ಜೊತೆ ಸಂಶೋಧನೆ ಮಾಡಬಹುದು. ಪರಿಸರದ ವಿಷಯ ಸಿಕ್ಕಿದರೆ ಹೊಲಕ್ಕೆ, ಹೊಳೆಗೆ ಹೋಗಿ ಸ್ಯಾಂಪಲ್ ತೆಗೆಯುವ ಕೆಲಸ. ಆದ್ರೆ ಅರ್ಜಿ ಹಾಕುವಾಗ ಎಲ್ಲರೂ ಒದ್ದಾಡುವುದು ಒಂದೇ ಕಡೆ: ನನಗೆ ಏನು ತಿಳಿಯಬೇಕಾಗಿದೆ? ಪೆರಾಬೆ ಕಡೆಯ ನಮಗೆ ಆ ಪ್ರಶ್ನೆ ಮನೆ ಹಿಂದಿನ ತೋಟದಲ್ಲೇ ಇದೆ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆ ಕಾಯಿ ಕೊಳೆತು ಉದುರುತ್ತದೆ. ಮದ್ದು ಬಿಡದಿದ್ದರೆ ವರ್ಷದ ಸಂಪಾದನೆ ನೆಲಕ್ಕೆ, ನಮ್ಮ ಕಾಲೇಜ್ ಫೀಸೂ ಅದರ ಜೊತೆಗೆ. ಮದ್ದು ಅಂದ್ರೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಸುಣ್ಣ ಸಾಕಾಯಿತಾ ಅಂತ ನೋಡಲಿಕ್ಕೆ ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿಗೆ ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ನಾವು ಪಿಯುಸಿ ಲ್ಯಾಬಲ್ಲಿ ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್ ಅಂತ ಬರೆದದ್ದನ್ನು ಊರವರು ಅಂಗಳದಲ್ಲೇ ಮಾಡುತ್ತಾರೆ!

ಈಗ ಲೆಕ್ಕ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಎಕರೆಗೆ 200 ಲೀಟರಿನ ಎರಡು ಡ್ರಮ್ ಮದ್ದು ಬೇಕು ಎಂದಿಟ್ಟುಕೊಂಡರೆ ಹೆಕ್ಟೇರಿಗೆ ಸುಮಾರು 1000 ಲೀಟರ್, ಅಂದರೆ 2.5 ಕೆಜಿ ತಾಮ್ರ. ವರ್ಷಕ್ಕೆ ಮೂರು ಸಲ ಬಿಟ್ಟರೆ 7.5 ಕೆಜಿ. ನಿಮ್ಮ ತೋಟದ ಡ್ರಮ್ ಲೆಕ್ಕ ಬೇರೆ ಇದ್ದರೆ ಗುಣಿಸಿ ನೋಡಿ. ತಾಮ್ರ ಲೋಹವಾದ್ದರಿಂದ ಕೊಳೆತು ಇಲ್ಲವಾಗುವುದಿಲ್ಲ. ಮಳೆಗೆ ತೊಳೆದು ಕೆಳಗೆ ಬಂದದ್ದು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹಿಡಿದುಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದರೆ ಅದರ ಜೊತೆಗೇ ಕಣಿ, ತೋಡು, ಕುಮಾರಧಾರೆ. ಪ್ರಮಾಣ ಜಾಸ್ತಿಯಾದರೆ ಎರೆಹುಳಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕಷ್ಟ.

ವಿದೇಶದ ಮಾತು ಬರುವುದು ಇಲ್ಲಿ. ಬೋರ್ಡೋ ಎನ್ನುವುದು ಫ್ರಾನ್ಸಿನ ಊರು. 1882ರ ಸುಮಾರಿಗೆ ಅಲ್ಲಿನ ಪ್ರೊಫೆಸರ್ ಮಿಲಾರ್ಡೆ ಒಂದು ವಿಚಿತ್ರ ಗಮನಿಸಿದರು. ದಾರಿಹೋಕರು ದ್ರಾಕ್ಷಿ ಕದಿಯದಂತೆ ರೈತರು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲಿರಲಿಲ್ಲ. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ನಮ್ಮ ಕೊಳೆರೋಗದ ಅಧ್ಯಯನವೂ ಹೊರಗಿನಿಂದ ಬಂದವರದ್ದೇ. ಕೆನಡಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಓದಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1910ರಲ್ಲಿ ಈ ರೋಗದ ಬಗ್ಗೆ ಬರೆದರು. ನೂರು ವರ್ಷದ ಮೇಲೆ ನಾವು ಅಪ್ಲಿಕೇಶನ್ ಹಾಕುತ್ತಿರುವುದು ಅವರ ದೇಶಕ್ಕೆ.

ಯುರೋಪಿನವರು ಈಗ ಅದೇ ತಾಮ್ರವನ್ನು ಅಳೆಯುತ್ತಿದ್ದಾರೆ. 2018ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಲ್ಲಿನ ಮಣ್ಣಿನಲ್ಲಿ ತಾಮ್ರದ ಸರಾಸರಿ ಕೆಜಿಗೆ 17 ಮಿ.ಗ್ರಾಂ, ದ್ರಾಕ್ಷಿ ತೋಟಗಳಲ್ಲಿ 49. ಯುರೋಪಿಯನ್ ಒಕ್ಕೂಟ 2019ರಿಂದ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿಯ ಮಿತಿ ಹಾಕಿದೆ. ಮೇಲಿನ ನಮ್ಮ ಲೆಕ್ಕದಲ್ಲಿ 7 ವರ್ಷಕ್ಕೆ 52.5 ಕೆಜಿ. ಹಾಗಂತ ಆ ಮಿತಿಯನ್ನು ಹಾಗೇ ತಂದು ಇಲ್ಲಿ ಅಂಟಿಸಿ, ಮದ್ದು ಬಿಡಬೇಡಿ ಅಂತ ಹೇಳಲಿಕ್ಕೆ ನಮಗೆ ಮನಸ್ಸಿಲ್ಲ. ನಮ್ಮದು ಹುಳಿ ಮಣ್ಣು, ಮಳೆ ಅವರಿಗಿಂತ ಎಷ್ಟೋ ಪಟ್ಟು, ಬೆಳೆಯೇ ಬೇರೆ. ಹುಳಿ ಮಣ್ಣಿನಲ್ಲಿ ತಾಮ್ರ ಸುಲಭವಾಗಿ ಕರಗುತ್ತದೆ, ಸುಣ್ಣ ಬಿದ್ದಲ್ಲಿ ಕಡಿಮೆ. ನಮ್ಮ ತೋಟದ ಕಥೆ ನಮ್ಮ ತೋಟದಲ್ಲಿ ಅಳೆದೇ ಗೊತ್ತಾಗಬೇಕು.

ಅಲ್ಲಿನ ಲ್ಯಾಬಿಗೆ ಹೋಗಿ ಕಲಿಯಬೇಕಾದ್ದು ಈ ಅಳೆಯುವ ಶಿಸ್ತು. ಒಂದು ಹಿಡಿ ಮಣ್ಣು ತಂದು ಮಷೀನಿಗೆ ಹಾಕಿದರೆ ಆಗಲಿಲ್ಲ. ಮರದ ಬುಡ, ಎರಡು ಸಾಲಿನ ನಡುವೆ, ಕಣಿ ಬದಿ, ಜೊತೆಗೆ ಯಾವತ್ತೂ ಮದ್ದು ಬೀಳದ ಗುಡ್ಡೆಯ ಮಣ್ಣು. ಈ ಕೊನೆಯದು ಇಲ್ಲದಿದ್ದರೆ ಹೋಲಿಸಲಿಕ್ಕೆ ಏನೂ ಉಳಿಯುವುದಿಲ್ಲ. ಪ್ರತಿ ಜಾಗದಲ್ಲಿ 15 ಸೆಂ.ಮೀ. ಆಳದವರೆಗೆ ನಾಲ್ಕೈದು ಕಡೆ ತೆಗೆದು ಬೆರೆಸಬೇಕು. ಹಿತ್ತಾಳೆ, ತಾಮ್ರದ ಪಾತ್ರೆ ಮುಟ್ಟಿಸಬಾರದು. ನೆರಳಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿಯಬೇಕು. ಆಮೇಲೆ ಪಿಎಚ್, ಒಟ್ಟು ತಾಮ್ರ, ಗಿಡಕ್ಕೆ ಸಿಗುವ ತಾಮ್ರ. ಕೊನೆಯದಕ್ಕೆ ಲಿಂಡ್ಸೆ ಮತ್ತು ನೋರ್ವೆಲ್ 1978ರಲ್ಲಿ ಕೊಟ್ಟ ಡಿಟಿಪಿಎ ವಿಧಾನ ಇವತ್ತಿಗೂ ಬಳಕೆಯಲ್ಲಿದೆ.

ಒಂದು ತಮಾಷೆ ಏನೆಂದರೆ, ಪೆರಾಬೆಯ ಮಣ್ಣನ್ನು ಸೂಟ್‌ಕೇಸಲ್ಲಿ ಹಾಕಿಕೊಂಡು ಹೋಗಲಿಕ್ಕಿಲ್ಲ. ಕೆನಡಾ, ಅಮೆರಿಕ ಎರಡೂ ಪರ್ಮಿಟ್ ಇಲ್ಲದೆ ನಮ್ಮ ಮಣ್ಣನ್ನು ಒಳಗೆ ಬಿಡುವುದಿಲ್ಲ. ಅದರಲ್ಲಿ ರೋಗ, ಕೀಟ ಬರಬಹುದು ಎಂಬ ಕಾರಣಕ್ಕೆ. ಹಾಗಾಗಿ ಅಲ್ಲಿ ಅವರ ಮಣ್ಣಲ್ಲೇ ಕೈ ಪಳಗಿಸಿ, ವಿಧಾನ ಹೊತ್ತು ವಾಪಸ್ ಬರುವುದೇ ಸರಿ. ಹೊರಡುವ ಮುಂಚೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರನ್ನು ಒಮ್ಮೆ ಮಾತಾಡಿಸಿದರೆ ಒಳ್ಳೆಯದು, ಅಡಿಕೆಯ ಸಂಶೋಧನೆ ಅವರ ದಿನನಿತ್ಯದ ಕೆಲಸ. ಮತ್ತೆ ಮನೆಯ ಹಿರಿಯರಲ್ಲಿ ಎರಡು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಈ ತೋಟಕ್ಕೆ ಮದ್ದು ಶುರುವಾದದ್ದು ಯಾವ ವರ್ಷ, ವರ್ಷಕ್ಕೆ ಎಷ್ಟು ಕೆಜಿ ತುತ್ತು ತರುತ್ತಿದ್ದರು. ಮೊದಲ ಸುತ್ತಿನ ಮಣ್ಣು ತೆಗೆಯುವುದು ಮೇ ಕೊನೆಯೊಳಗೆ, ಆ ವರ್ಷದ ಮೊದಲ ಮದ್ದು ಬೀಳುವ ಮುಂಚೆ ಆಗಬೇಕು.